ಟ್ಯಾಂಕಿನ ಪಕ್ಕದ ಇರುವೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಓದುಗರ ಅಂಕಣದಲ್ಲಿ ಕಾಸರಗೋಡಿನವರೊಬ್ಬರ ಪತ್ರ ಓದಿದೆ. ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸಕ್ಕೆ, ಒಂದು ಶಾಲೆಯ ಮೈದಾನದಲ್ಲಿ ಕಟ್ಟಿದ್ದ ಫ್ಲೆಕ್ಸ್ ನೋಡಿ ಅವರ ಮೈ ಜುಮ್ಮೆಂದಿತಂತೆ. 1948ರ ಜೋಜಿಲಾ ಪಾಸ್, ಕಾಶ್ಮೀರದ ಎತ್ತರದ ಗುಡ್ಡದಾರಿ. ಸುತ್ತ ಹಿಮ. ನಡುವೆ ಒಂದು ಟ್ಯಾಂಕ್, ಪಕ್ಕದಲ್ಲಿ ನಾಲ್ವರು ಜವಾನರು. ಇಂಥ ಅಪರೂಪದ ಫೋಟೋ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಯಾಕಿಲ್ಲ ಅಂತ ಅವರು ಕೇಳಿದ್ದಾರೆ.

ಇಲ್ಲದ್ದಕ್ಕೆ ಕಾರಣ ಉಂಟು. ಆ ಟ್ಯಾಂಕ್ ನಮ್ಮ ಮನೆಯ ಜಗಲಿಯದ್ದು. ಉದ್ದ ಸುಮಾರು 14 ಸೆಂಟಿಮೀಟರ್. ಪ್ಲಾಸ್ಟಿಕ್. ಅವರು ಹಿಮ ಅಂದುಕೊಂಡದ್ದು ದೋಸೆಗೆ ಅಂತ ಇಟ್ಟಿದ್ದ ಅಕ್ಕಿಹಿಟ್ಟು. ಫೋಟೋ ತೆಗೆದವ ನಾನು.

ಅವರನ್ನು ತಮಾಷೆ ಮಾಡಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವರದ್ದೇನೂ ತಪ್ಪಿಲ್ಲ. ತಪ್ಪು ನನ್ನದೇ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳಬೇಕಾಗಿದೆ. ಜಾಗ ಇಲ್ಲದಿದ್ದರೆ ಎರಡು ಕಂತು ಮಾಡಿ ಹಾಕಿ, ಬೇಜಾರಿಲ್ಲ.

ನಾನು ನೀರ್ಚಾಲು ಹತ್ತಿರದವ. ಮೂವತ್ತೊಂದು ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದೆ. ಮದುವೆ, ಉಪನಯನ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜು. ಗಲ್ಫಿಗೆ ಹೋದ ಅರ್ಧ ಊರು ನನ್ನ ಪರದೆಯ ಎದುರು ಕುತ್ತಿಗೆ ನೆಟ್ಟಗೆ ಮಾಡಿ ಕೂತು ಎದ್ದು ಹೋದದ್ದು. ಮೊಬೈಲ್ ಬಂತು, ಸ್ಟುಡಿಯೋದ ಷಟರ್ ಇಳಿಯಿತು. ಮನೆಯಲ್ಲಿ ಸುಮ್ನೆ ಕೂತು ಹೆಂಡತಿಯ ಅಡಿಗೆಗೆ ಉಪ್ಪು ಜಾಸ್ತಿ, ಹುಳಿ ಕಮ್ಮಿ ಅಂತ ಹೇಳಲಿಕ್ಕೆ ಶುರು ಮಾಡಿದೆ. ಆಗ ಬೆಂಗಳೂರಿನಲ್ಲಿರುವ ತಂಗಿಯ ಮಗ ರಜೆಗೆ ಬರುವಾಗ ಒಂದು ಪೆಟ್ಟಿಗೆ ತಂದುಕೊಟ್ಟ. "ಮಾವ, ಹೊತ್ತು ಹೋಗ್ಲಿಕ್ಕೆ ಇಟ್ಕೊಳ್ಳಿ" ಅಂದ. ಅತ್ತೆಯ ಹತ್ತಿರ ಮೊದಲೇ ಮಾತಾಡಿಕೊಂಡು ಬಂದಿದ್ದ ಅಂತ ಮತ್ತೆ ಗೊತ್ತಾಯಿತು.

ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡು ನೂರಾರು ತುಂಡು. ಜಪಾನಿನ ತಮಿಯಾ ಕಂಪೆನಿಯದ್ದು. ಸ್ಟುವರ್ಟ್ ಅಂತ ಅಮೆರಿಕದ ಹಗುರ ಟ್ಯಾಂಕ್. ಅಳತೆ 1:35. ಅಂದರೆ ನಿಜದ 35 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಐದೂಮುಕ್ಕಾಲು ಅಡಿಯ ಆಳು ಇಲ್ಲಿ ಐದು ಸೆಂಟಿಮೀಟರ್ ಆಗುತ್ತಾನೆ, ನನ್ನ ಕಿರುಬೆರಳಿನಷ್ಟು. ತಲೆ ಒಂದು ತೊಗರಿಬೇಳೆಯಷ್ಟು. ಅದಕ್ಕೆ ಕಣ್ಣು ಬರೆಯಬೇಕು ನೋಡಿ!

ಸ್ಟುವರ್ಟ್ ಅಂತ ಪೆಟ್ಟಿಗೆಯ ಮೇಲೆ ಓದಿದ ಕೂಡಲೇ ನನಗೆ ಒಬ್ಬ ಗಿರಾಕಿಯ ನೆನಪಾಯಿತು. 1988ರ ಸುಮಾರಿಗೆ ಸ್ಟುಡಿಯೋಕ್ಕೆ ಬಂದಿದ್ದ ಒಬ್ಬ ಅಜ್ಜ. ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಗೆ ರಸ್ತೆ, ಸೇತುವೆ ಮಾಡಿಕೊಡುವ ದಳದಲ್ಲಿ ಇದ್ದವರು. ಅವರು ಸೇನೆಯಲ್ಲಿದ್ದ ಕಾಲಕ್ಕೆ ನಮ್ಮ ಕಾಸರಗೋಡು ಮದ್ರಾಸಿಗೆ ಸೇರಿದ್ದು, ದಕ್ಷಿಣ ಕನ್ನಡ ಜಿಲ್ಲೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಫೋಟೋ ಅಂಗಿಯ ಕಿಸೆಯಿಂದ ತೆಗೆದು, ಇದನ್ನು ದೊಡ್ಡದು ಮಾಡಿಕೊಡಬೇಕು ಅಂದರು. ನೋಡಿದರೆ ಮೂರು ಕಪ್ಪು ಗೀಟು. ಸುತ್ತ ಎಲ್ಲ ಬಿಳಿ. ಮುಖ ಇಲ್ಲ, ಗುಡ್ಡ ಇಲ್ಲ, ಆಕಾಶ ಎಲ್ಲಿ ಶುರು ಅಂತ ಸಹ ಇಲ್ಲ. "ಇದೆಂತದು ಅಜ್ಜ, ಪೂರಾ ಸುಟ್ಟು ಹೋಗಿದೆಯಲ್ಲ" ಅಂದೆ. ಬೆಳಕು ಜಾಸ್ತಿ ಬಿದ್ದರೆ ನಾವು ಹಾಗೆ ಹೇಳುವುದು. ಅವರು ನಕ್ಕರು. "ಸುಟ್ಟದ್ದಲ್ಲ ಮಾರಾಯ, ಹಿಮ. ನಡುವಿನವ ನಾನು" ಅಂದರು.

ಆ ಹಿಮ ಜೋಜಿಲಾದ್ದು. ಆವತ್ತು ಅಜ್ಜ ಒಂದು ಗಂಟೆ ಕೂತು ಹೇಳಿದ್ದು ನನಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧ ಟ್ಯಾಂಕ್ ಕೈಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಫ್ಲೆಕ್ಸಿನ ಫೋಟೋ ಸುಳ್ಳಾದರೂ ಆ ಕಥೆ ಸುಳ್ಳಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಸರಿಯಾಗುವುದಿಲ್ಲ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಜೋಜಿಲಾ ದಾಟಿಯೇ ಹೋಗಬೇಕು. 11,500 ಅಡಿಗೂ ಎತ್ತರ. 1948ರಲ್ಲಿ ಪಾಕಿಸ್ತಾನದ ಕಡೆಯ ದಾಳಿಕೋರರು ಅದನ್ನು ಹಿಡಿದು ಕೂತಿದ್ದರು. ಚಳಿಗಾಲ ಬಂದು ದಾರಿ ಮುಚ್ಚಿದರೆ ಲಡಾಖ್ ಕೈಬಿಟ್ಟಂತೆಯೇ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಏರಿ ಹೋಗಿ ನೋಡಿದರು, ಆಗಲಿಲ್ಲ. ಎರಡೂ ಬದಿಯ ಗುಡ್ಡದಿಂದ ಗುಂಡು. ಆಗ ಅಲ್ಲಿಯ ಡಿವಿಜನ್ನಿಗೆ ಮುಖ್ಯಸ್ಥರಾಗಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಟ್ಯಾಂಕ್ ಹತ್ತಿಸುವ ಅಂದರು. ಆ ಎತ್ತರಕ್ಕೆ ಅದುವರೆಗೆ ಯಾರೂ ಟ್ಯಾಂಕ್ ಒಯ್ದವರಿಲ್ಲ. 7ನೇ ಲೈಟ್ ಕ್ಯಾವಲ್ರಿ ಅನ್ನುವ ಟ್ಯಾಂಕ್ ದಳದ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತಂದರು. ದಾರಿಯ ಸೇತುವೆಗಳು ಭಾರ ತಡೆಯಬೇಕು, ನೋಡಿದವರಿಗೆ ಟ್ಯಾಂಕ್ ಅಂತ ಗೊತ್ತೂ ಆಗಬಾರದು. ಅದಕ್ಕೆ ಮೇಲಿನ ತಿರುಗುವ ಗೋಪುರವನ್ನೇ ಕಳಚಿದ್ದರು. ಗುಡ್ಡದ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವಷ್ಟು ಅಗಲದ ದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಅಜ್ಜನವರು. ನವೆಂಬರ್ 1ರಂದು ಟ್ಯಾಂಕುಗಳು ಹಿಮದಲ್ಲಿ ಮೇಲೆ ಬಂದವು. ಎದುರಿನವರು ಏನನ್ನು ಬೇಕಾದರೂ ನಿರೀಕ್ಷಿಸಿದ್ದರು, ಟ್ಯಾಂಕನ್ನು ಅಲ್ಲ. ಜೋಜಿಲಾ ಅವತ್ತೇ ಕೈಗೆ ಬಂತು. ಅದೇ ತಿಮ್ಮಯ್ಯನವರು ಮುಂದೆ 1957ರಲ್ಲಿ ಸೇನಾ ಮುಖ್ಯಸ್ಥರಾದದ್ದು.

ಅಜ್ಜ ಹೇಳಿದ್ದು ಇಷ್ಟೆಲ್ಲ ಅಲ್ಲ. "ಕಲ್ಲು ಒಡೆದೂ ಒಡೆದೂ ಕೈಬೆರಳು ಯಾವುದು, ಗುದ್ದಲಿ ಯಾವುದು ಅಂತ ಗೊತ್ತಾಗ್ತಿರಲಿಲ್ಲ" ಅಂದದ್ದು ನೆನಪುಂಟು. ಅವರಿಗೆ ಫೋಟೋ ದೊಡ್ಡದು ಮಾಡಿ ಕೊಟ್ಟೆ. ಮೂರು ಸಣ್ಣ ಗೀಟು ಇದ್ದದ್ದು ಮೂರು ದೊಡ್ಡ ಗೀಟು ಆಯಿತು, ಅಷ್ಟೆ. ಅದರ ನೆಗೆಟಿವ್ ನನ್ನಲ್ಲಿ ಇತ್ತು. ನಮ್ಮ ಮಳೆಗಾಲ ಗೊತ್ತಲ್ಲ, ಬೂಷ್ಟು ಹಿಡಿದು ಹೋಯಿತು.

ಹಾಗೆ ಆ ಇಲ್ಲದ ಫೋಟೋವನ್ನು ಜಗಲಿಯಲ್ಲಿ ಮಾಡುವ ಅಂತ ಹೊರಟೆ. ಹೋದ ವರ್ಷದ ಮಳೆಗಾಲ.

ಟ್ಯಾಂಕ್ ಜೋಡಿಸುವುದು ತಾಳ್ಮೆಯ ಕೆಲಸ, ಅಷ್ಟೇನೂ ಕಷ್ಟ ಅಲ್ಲ. ಬಣ್ಣ ಕಷ್ಟ. ಹೊಸ ಬಣ್ಣ ಹೊಳೆಯುತ್ತದೆ, ಹೊಳೆದರೆ ಆಟಿಕೆ. ಮೊದಲು ಹಸಿರು ಹೊಡೆದು, ಮತ್ತೆ ತೀರಾ ನೀರಾದ ಕಪ್ಪುಕಂದು ಬಣ್ಣವನ್ನು ಸಂದುಗಳಿಗೆ ಇಳಿಯಲು ಬಿಡಬೇಕು. ಅದು ಒಣಗಿದ ಮೇಲೆ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಬಣ್ಣ ಇನ್ನು ಇಲ್ಲವೇ ಇಲ್ಲ ಅನ್ನುವಾಗ ಅಂಚುಗಳ ಮೇಲೆ ಮೆಲ್ಲ ಎಳೆಯಬೇಕು. ಬೋಲ್ಟಿನ ತಲೆಗಳು ಒಂದೊಂದಾಗಿ ಎದ್ದು ಬರುತ್ತವೆ. ಮದುಮಗಳ ಫೋಟೋಕ್ಕೆ ಟಚಪ್ ಮಾಡಿದ ಕೈಗೆ ಇದು ಬೇಗ ಹಿಡಿಯಿತು.

ಸೈನಿಕರದ್ದು ಬೇರೆ ತಕರಾರು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಜರ್ಮನರು ರಾಶಿ, ಅಮೆರಿಕನ್ನರು ರಾಶಿ. ನಮ್ಮವರು ಸಿಗುವುದು ಅಪರೂಪ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ ಪೆಟ್ಟಿಗೆ ತರಿಸಿದೆ. 1948ರಲ್ಲಿ ನಮ್ಮವರ ಉಡುಪೂ ಹೆಚ್ಚುಕಮ್ಮಿ ಅದೇ ಮಾದರಿಯದ್ದು. ಹೆಲ್ಮೆಟ್ ಕತ್ತರಿಸಿ ತೆಗೆದು, ಎಂ-ಸೀಲ್ ಕಲಸಿ, ಸೂಜಿಯ ತುದಿಯಲ್ಲಿ ಉಣ್ಣೆ ಟೊಪ್ಪಿ ಮಾಡಿದೆ. ಬಾತ್‌ರೂಮಿನ ಪೈಪಿಗೆ ಹಾಕಿ ಉಳಿದ ಎಂ-ಸೀಲ್. ಕಣ್ಣು ಬರೆಯುವುದನ್ನು ಬಿಟ್ಟುಬಿಟ್ಟೆ. ಬರೆದದ್ದೆಲ್ಲ ಬಣ್ಣದ ವೇಷದ ಹಾಗೆ ದುರುಗುಟ್ಟಿ ನೋಡುತ್ತಿದ್ದವು. ಟೊಪ್ಪಿಯ ಕೆಳಗೆ ಸ್ವಲ್ಪ ಕಪ್ಪು ನೆರಳು ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಗುಡ್ಡಕ್ಕೆ ಮೊದಲು ಮುರಕಲ್ಲು ಇಟ್ಟೆ. ನಮ್ಮಲ್ಲಿ ಬೇರೆ ಯಾವ ಕಲ್ಲು? ಬೂದು ಬಣ್ಣ ಹೊಡೆದರೂ ಅದರ ತೂತುಗಳು ಮುಚ್ಚಲಿಲ್ಲ. ಹಿಮಾಲಯಕ್ಕೆ ಯಾರೋ ಸುರಂಗ ಕೊರೆದ ಹಾಗೆ ಕಂಡಿತು. ಅದನ್ನು ತೆಗೆದು ಕರಿಕಲ್ಲಿನ ಜಲ್ಲಿ ತಂದು ಹಾಕಿದೆ. ಒಡೆದ ಅಂಚು ಚೂಪಾಗಿ, ದೊಡ್ಡ ಬಂಡೆಯ ಹಾಗೆಯೇ ಇರುತ್ತದೆ. ಹಿಮಕ್ಕೆ ಥರ್ಮೋಕೋಲ್ ಉಜ್ಜಿ ಹುಡಿ ಮಾಡಿದೆ. ಅದು ಕೈಗೆ, ಅಂಗಿಗೆ, ಬೆಕ್ಕಿಗೆ ಅಂಟಿತು, ಬೇಕಾದಲ್ಲಿ ಅಂಟಲಿಲ್ಲ. ಕಡೆಗೆ ಫೆವಿಕಾಲ್ ಬಳಿದು ಮೇಲಿಂದ ಅಕ್ಕಿಹಿಟ್ಟು ಜರಡಿ ಹಿಡಿದೆ. ಏನು ಚಂದ ಅಂತೀರಿ! ನಿಜವಾದ ಹಿಮವನ್ನು ನಾನು ಇದುವರೆಗೆ ನೋಡಿಲ್ಲ, ಆದರೂ ನೋಡಿದ ಹಾಗಾಯಿತು. ಮರುದಿನ ಬೆಳಿಗ್ಗೆ ಹೆಂಡತಿ ಕರೆದಳು. "ನೋಡಿ, ನಿಮ್ಮ ಕಾಶ್ಮೀರಕ್ಕೆ ಇರುವೆ ಬಂದಾಯ್ತು."

ಬ್ರಷ್ಷಿನಿಂದ ಗುಡಿಸಿ ತೆಗೆದೆ. ಎಲ್ಲ ತೆಗೆದೆ ಅಂತಲೇ ತಿಳಿದುಕೊಂಡಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಫೋಟೋ. ಇಲ್ಲಿ ನನ್ನ ಮೂವತ್ತೊಂದು ವರ್ಷದ ಅನುಭವ ಪೂರಾ ತಲೆಕೆಳಗಾಯಿತು. ಮೊದಲ ದಿನ ತೆಗೆದ ಎಲ್ಲ ಫೋಟೋಗಳೂ ಆಟಿಕೆಯ ಫೋಟೋಗಳೇ. ಎಂತ ತಪ್ಪು ಅಂತ ತಿಳಿಯಲು ಮೂರು ದಿನ ಹಿಡಿಯಿತು. ನಾನು ನಿಂತು ತೆಗೆಯುತ್ತಿದ್ದೆ. ಆಟಿಕೆಯನ್ನು ನಾವು ಯಾವಾಗಲೂ ಮೇಲಿನಿಂದ ನೋಡುವುದು ಅಲ್ವಾ? ಟ್ಯಾಂಕನ್ನು ಹಾಗೆ ನೋಡಬೇಕಾದರೆ ಮರ ಹತ್ತಬೇಕು. ನಿಜವಾದ ಆಳಿನ ಕಣ್ಣು ನೆಲದಿಂದ ಐದು ಅಡಿ ಮೇಲೆ ಇದ್ದರೆ, ಇಲ್ಲಿ ಅದು ಸುಮಾರು ನಾಲ್ಕೂಕಾಲು ಸೆಂಟಿಮೀಟರಿಗೆ ಬರಬೇಕು. ನನ್ನ ದೊಡ್ಡ ಕ್ಯಾಮೆರಾದ ಲೆನ್ಸು ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಅದರ ಹೊಟ್ಟೆ ಅಡ್ಡ ಬರುತ್ತದೆ. ಮೊಬೈಲನ್ನು ತಲೆಕೆಳಗೆ ಹಿಡಿದರೆ ಲೆನ್ಸು ಕೆಳತುದಿಗೆ ಬರುತ್ತದೆ, ಸೈನಿಕನ ಎದೆಯ ಮಟ್ಟಕ್ಕೆ ಸರಿ ಕೂರುತ್ತದೆ. ನನ್ನ ಸ್ಟುಡಿಯೋ ಮುಚ್ಚಿಸಿದ ಮೊಬೈಲಿಗೆ ಅಲ್ಲಿ ಒಂದು ನಮಸ್ಕಾರ ಹಾಕಿದೆ.

ಎರಡನೆಯದು ಫೋಕಸ್. ಮದುಮಗಳ ಹಿಂದೆ ಇರುವ ಚಪ್ಪರ, ಕುರ್ಚಿ, ಓಡಾಡುವ ಮಕ್ಕಳು ಎಲ್ಲ ಮಸುಕಾಗಲಿ ಅಂತ ನಾವು ದುಡ್ಡು ಕೊಟ್ಟು ಲೆನ್ಸು ತೆಗೆದುಕೊಳ್ಳುತ್ತಿದ್ದೆವು. ಇಲ್ಲಿ ಆ ಮಸುಕೇ ವೈರಿ. ಕ್ಯಾಮೆರಾ ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಕಾಣುವ ಜಾಗ ಕಡಿಮೆಯಾಗುತ್ತದೆ. ಟ್ಯಾಂಕಿನ ಮೂತಿ ಸ್ಪಷ್ಟ, ಬಾಲ ಮಸುಕು. ನಿಜವಾದ ಟ್ಯಾಂಕನ್ನು ನಲವತ್ತು ಅಡಿ ದೂರದಿಂದ ತೆಗೆದರೆ ಮೂತಿಯೂ ಸ್ಪಷ್ಟ, ಬಾಲವೂ ಸ್ಪಷ್ಟ, ಹಿಂದಿನ ಗುಡ್ಡವೂ ಸ್ಪಷ್ಟ. ನಮ್ಮ ಕಣ್ಣಿಗೆ ಈ ಲೆಕ್ಕ ಯಾರೂ ಕಲಿಸದೆ ಗೊತ್ತುಂಟು. ಮಸುಕು ಕಂಡ ಕೂಡಲೇ ಇದು ಸಣ್ಣದು ಅಂತ ಒಳಗಿನಿಂದ ಯಾರೋ ಹೇಳುತ್ತಾರೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು 16, 22 ಅಂತ ಕಿರಿದು ಮಾಡುತ್ತಾ ಹೋಗಬಹುದು. ತೀರಾ ಕಿರಿದಾದರೆ ಇಡೀ ಚಿತ್ರದ ಮೊನಚೇ ಕಡಿಮೆಯಾಗುತ್ತದೆ. ಮೊಬೈಲಿನ ಸೆನ್ಸರ್ ಪುಟ್ಟದು, ಹಾಗಾಗಿ ಅದರಲ್ಲಿ ತಾನಾಗಿ ಜಾಸ್ತಿ ಸ್ಪಷ್ಟ ಸಿಗುತ್ತದೆ. ಅದೂ ಸಾಲದಾಯಿತು. ಮೊಬೈಲನ್ನು ಅಲುಗಾಡದ ಹಾಗೆ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ, ಫೋಕಸ್ ಮಾತ್ರ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಾ ಹನ್ನೆರಡು ಫೋಟೋ ತೆಗೆದೆ. ಅಳಿಯ ಕಂಪ್ಯೂಟರಿನಲ್ಲಿ ಹನ್ನೆರಡರ ಸ್ಪಷ್ಟ ಭಾಗ ಮಾತ್ರ ಹೆಕ್ಕಿ ಒಂದು ಮಾಡಿದ.

ಬೆಳಕು ಪುಕ್ಕಟೆ ಸಿಕ್ಕಿತು. ಟೇಬಲ್ ಲ್ಯಾಂಪ್ ಹಾಕಿ ನೋಡಿದ್ದೆ, ಎರಡು ಲ್ಯಾಂಪಿಗೆ ಪ್ರತಿಯೊಬ್ಬ ಜವಾನನಿಗೂ ಎರಡೆರಡು ನೆರಳು. ಭೂಮಿಗೆ ಇರುವುದು ಒಂದೇ ಸೂರ್ಯ. ಲ್ಯಾಂಪ್ ಆರಿಸಿ ಎಲ್ಲವನ್ನೂ ಜಗಲಿಯ ಅಂಚಿಗೆ ತಂದಿಟ್ಟೆ. ಆಟಿ ತಿಂಗಳ ಬೆಳಿಗ್ಗೆ. ಅಂಗಳದ ಮೇಲೆ ಬೂದಿ ಬಣ್ಣದ ಮೋಡ, ಮಳೆ ಒಂದು ಹೊಡೆತ ಬಿಟ್ಟು ಇನ್ನೊಂದಕ್ಕೆ ಕಾಯುತ್ತಿತ್ತು. ನೆರಳಿಲ್ಲದ, ಬಿಸಿಯಿಲ್ಲದ ಬೆಳಕು. ಹಿಮ ಬೀಳುವ ಗುಡ್ಡದಲ್ಲಿ ಇರುವುದೂ ಅಂಥದ್ದೇ ಬೆಳಕು. ಹಿಂದೆ ಅಡ್ಡವಾಗಿ ನನ್ನ ಬಿಳಿ ಪಂಚೆ ಕಟ್ಟಿದೆ, ಅದೇ ಆಕಾಶ.

ಹೊಗೆ ಬೇಕು ಅಂತ ಆಸೆಯಾಯಿತು. ಅಗರಬತ್ತಿ ಹಚ್ಚಿಟ್ಟೆ. ಟ್ಯಾಂಕಿನ ಹಿಂದೆ ದೇವರ ಪೂಜೆ ಆದ ಹಾಗೆ ಕಂಡಿತು. ಎಲ್ಲವನ್ನೂ ಸಣ್ಣದು ಮಾಡಬಹುದು, ಹೊಗೆ, ಬೆಂಕಿ, ನೀರು ಮಾತ್ರ ನಮ್ಮ ಮಾತು ಕೇಳುವುದಿಲ್ಲ. ಹನಿ ಹನಿಯಷ್ಟೇ ಇರುತ್ತದೆ. 1:35ರಲ್ಲಿ ಒಂದು ಹನಿ ನೀರು ಸೈನಿಕನ ಮುಖದಷ್ಟಾಗುತ್ತದೆ. ಅಗರಬತ್ತಿ ಆರಿಸಿ, ಬೂರುಗದ ಹತ್ತಿಯನ್ನು ಎಳೆ ಎಳೆ ಬಿಡಿಸಿ ಎಂಜಿನ್ನಿನ ಹಿಂದೆ ಸಿಕ್ಕಿಸಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅಳಿಯ ಕಳಿಸಿದ ಬಣ್ಣದ ಚಿತ್ರ ನೋಡುವಾಗ ನನಗೆ ಆ ಬೆಂಕಿಪೊಟ್ಟಣದ ಫೋಟೋ ನೆನಪಾಯಿತು. ಕಪ್ಪುಬಿಳುಪು ಮಾಡಿದೆ. ಹಳೇ ಫಿಲ್ಮಿನ ಕಾಳುಕಾಳು ಸೇರಿಸಿದೆ. ಮೂಲೆಗೆ ಒಂದು ಗೀರು ಎಳೆದೆ. ಅಂಚನ್ನು ಸ್ವಲ್ಪ ಹಳದಿ ಮಾಡಿದೆ. ಎಷ್ಟು ಸಾವಿರ ಹಳೇ ಫೋಟೋಗಳ ಗೀರು ತೆಗೆದು ಕೊಟ್ಟವ ನಾನು, ಗೀರು ಹಾಕುವುದು ನನಗೆ ಎಷ್ಟರ ಕೆಲಸ? ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದದ್ದು ಎರಡೇ ಶಬ್ದ: "ಜೋಜಿಲಾ, 1948."

ಆಟಿಕೆ ಅಂತ ಬರೆಯಲಿಲ್ಲ. ಮರೆತದ್ದಲ್ಲ. ಯಾರು ಮೋಸ ಹೋಗುತ್ತಾರೆ ನೋಡುವ ಅಂತ ಬರೆಯದೇ ಇದ್ದದ್ದು. ಮಂಗಳೂರಿನ ಭಾವನ ಫೋನು ಬಂತು. "ಎಂತ ಭಾವ, ಇದು ಎಲ್ಲಿಂದ ಸಿಕ್ಕಿತು ನಿನಗೆ? ಮ್ಯೂಸಿಯಂನಲ್ಲಿ ಇಡ್ಬೇಕಾದ್ದು." ಆ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ. ಭಾವನಿಗೆ ಮರುದಿನ ನಿಜ ಹೇಳಿದೆ. ಅಷ್ಟರಲ್ಲಿ ಅವ ಅದನ್ನು ಎಷ್ಟು ಕಡೆ ಕಳಿಸಿದ್ದನೋ, ಅವನಿಗೇ ಲೆಕ್ಕ ಇಲ್ಲ.

ಆಮೇಲೆ ಅದು ನನಗೇ ತಿರುಗಿ ತಿರುಗಿ ಬಂತು. ಒಮ್ಮೆ "1962ರ ಲಡಾಖ್" ಅಂತ. ಇನ್ನೊಮ್ಮೆ "ಕಾರ್ಗಿಲ್ 1999, ಕಣ್ಣೀರು ತರಿಸುವ ಫೋಟೋ, ಹತ್ತು ಜನರಿಗೆ ಕಳಿಸಿ" ಅಂತ. ಎರಡನೇ ಮಹಾಯುದ್ಧದ ಟ್ಯಾಂಕ್ 1999ರಲ್ಲಿ! ಅದನ್ನು ನನಗೆ ಕಳಿಸಿದ್ದು ನನ್ನದೇ ಷಡ್ಡಕ.

ಜುಲೈ 26ರಂದು ಆ ಮೈದಾನಕ್ಕೆ ನಾನೂ ಹೋಗಿದ್ದೆ, ಮೊಮ್ಮಗಳ ದೇಶಭಕ್ತಿಗೀತೆ ಉಂಟು ಅಂತ. ಗೇಟಿನ ಪಕ್ಕದಲ್ಲೇ ಎಂಟು ಅಡಿ ಅಗಲದ ಫ್ಲೆಕ್ಸ್. ನನ್ನ ಟ್ಯಾಂಕ್, ನನ್ನ ಪಂಚೆಯ ಆಕಾಶ. ಒಂದು ಕ್ಷಣ ಎದೆ ಉಬ್ಬಿದ್ದು ಸುಳ್ಳಲ್ಲ. ಹತ್ತಿರ ಹೋಗಿ ನೋಡಿದೆ. ಎಡಗಡೆ, ಟ್ಯಾಂಕಿನ ಚೈನು ಹಿಮಕ್ಕೆ ತಾಗುವಲ್ಲಿ, ಒಂದು ಕಪ್ಪು ಕಲ್ಲು. ನಾನು ಅಲ್ಲಿ ಕಲ್ಲು ಇಟ್ಟಿರಲಿಲ್ಲ. ಕಲ್ಲಿಗೆ ಆರು ಕಾಲು ಇತ್ತು.

ಕಟ್ಟಿರುವೆ. ಫೆವಿಕಾಲಿನಲ್ಲಿ ಸಿಕ್ಕಿಬಿದ್ದು ಸತ್ತದ್ದು. ಅದಕ್ಕೇ ಹನ್ನೆರಡು ಫೋಟೋಗಳಲ್ಲೂ ಅಲುಗಾಡದೆ ನನ್ನ ಜೊತೆ ಸಹಕರಿಸಿದೆ. ಫ್ಲೆಕ್ಸಿನಲ್ಲಿ ನನ್ನ ಹೆಬ್ಬೆರಳಿನಷ್ಟಿತ್ತು. ಅಲ್ಲಿಯೇ ನಿಂತು ಲೆಕ್ಕ ಹಾಕಿದೆ. ಇರುವೆ ಆರು ಮಿಲಿಮೀಟರ್ ಇದ್ದರೆ, ಮೂವತ್ತೈದು ಪಾಲು, 21 ಸೆಂಟಿಮೀಟರ್. ಜೋಜಿಲಾದಲ್ಲಿ 1948ರ ನವೆಂಬರಿನ ಚಳಿಗೆ ಒಂದು ಗೇಣು ಉದ್ದದ ಇರುವೆ! ವೇದಿಕೆಯಲ್ಲಿ ಭಾಷಣಕಾರರು ಆ ಫೋಟೋ ತೋರಿಸಿ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಎದ್ದು ಹೇಳುವ ಅಂತ ಎರಡು ಸಲ ಕುರ್ಚಿ ಹಿಡಿದೆ. ಮುಂದೆ ಮಕ್ಕಳು ಹಾಡಲು ಸಾಲು ನಿಂತಿದ್ದರು. ಕೂತೆ.

ನಾನು ಹೇಳುವ ಮೊದಲೇ ಮೋಸ ಕಂಡುಹಿಡಿದವರು ಒಬ್ಬರೇ. ಮುಳ್ಳೇರಿಯ ಕಡೆಯ ಒಬ್ಬ ನಿವೃತ್ತ ಸೈನಿಕರು. ಯಾರಿಂದಲೋ ನಂಬರ್ ತೆಗೆದು ಆ ಸಂಜೆಯೇ ಫೋನ್ ಮಾಡಿದರು. ಇರುವೆ ಅವರೂ ನೋಡಿರಲಿಲ್ಲ. ಅವರು ನೋಡಿದ್ದು ಹಿಮವನ್ನು. "ಅಣ್ಣ, ಆ ಟ್ಯಾಂಕ್ ಅಲ್ಲಿ ನಿಂತದ್ದಲ್ಲ, ಇಟ್ಟದ್ದು" ಅಂದರು. ಸ್ಟುವರ್ಟ್ ಹಗುರ ಟ್ಯಾಂಕ್ ಅಂದರೂ 15 ಟನ್ ಹತ್ತಿರ ತೂಕ. ಅದು ಹಿಮದಲ್ಲಿ ಹೂತುಹೋಗಬೇಕು, ಬದಿಯಲ್ಲಿ ಹಿಮ ಉಬ್ಬಬೇಕು, ಹಿಂದೆ ಚೈನಿನ ಎರಡು ಆಳವಾದ ಗೆರೆ ಇರಬೇಕು. ನನ್ನದು ಹಿಟ್ಟಿನ ಮೇಲೆ ಹೋಳಿಗೆಯ ಹಾಗೆ ಕೂತಿತ್ತು. ಜವಾನರ ಬೂಟೂ ಹಾಗೆಯೇ, ಮೇಲೆ ಮೇಲೆ. ಗಾತ್ರವನ್ನು ಕ್ಯಾಮೆರಾದಿಂದ ದೊಡ್ಡದು ಮಾಡಬಹುದು, ತೂಕ ಕೈಯಿಂದಲೇ ಕೊಡಬೇಕು. ನನ್ನ ಕಸುಬಿನ ಬಗ್ಗೆ ನನಗೆ ಇದುವರೆಗೆ ಯಾರೂ ಇಷ್ಟು ಒಳ್ಳೆಯ ಪಾಠ ಹೇಳಿರಲಿಲ್ಲ.

ಹಾಗೆ ನೋಡಿದರೆ ಯುದ್ಧದ ಫೋಟೋದಲ್ಲಿ ಕೈಚಳಕ ಹೊಸದಲ್ಲ. 1855ರ ಕ್ರಿಮಿಯಾ ಯುದ್ಧಕ್ಕೆ ಹೋಗಿದ್ದ ಇಂಗ್ಲೆಂಡಿನ ರೋಜರ್ ಫೆಂಟನ್ ಒಂದೇ ಕಣಿವೆಯ ಎರಡು ಫೋಟೋ ತೆಗೆದಿದ್ದಾನೆ. ಒಂದರಲ್ಲಿ ರಸ್ತೆಯ ಮೇಲೆ ಫಿರಂಗಿ ಗುಂಡುಗಳು ಹರಡಿವೆ, ಇನ್ನೊಂದರಲ್ಲಿ ರಸ್ತೆ ಖಾಲಿ. ಗುಂಡು ತಂದು ಇಟ್ಟರೋ, ಹೆಕ್ಕಿ ತೆಗೆದರೋ ಅಂತ ಜನ ಈಗಲೂ ಜಗಳ ಮಾಡುತ್ತಾರೆ. ನಮ್ಮ ಲಕ್ನೋದ ಸಿಕಂದರ್ ಬಾಗ್‌ನಲ್ಲಿ 1858ರಲ್ಲಿ ಫೆಲಿಸ್ ಬಿಯಾಟೊ ತೆಗೆದ ಫೋಟೋದ ಎದುರಲ್ಲಿ ಎಲುಬುಗಳು ಬಿದ್ದಿವೆ. ಫೋಟೋಕ್ಕಾಗಿಯೇ ಹರಡಿಸಿದ್ದು ಅಂತ ಹೇಳುತ್ತಾರೆ. ಅದರ ಎದುರು ನನ್ನ ಅಕ್ಕಿಹಿಟ್ಟು ಎಷ್ಟೋ ವಾಸಿ. ಅಮೆರಿಕದಲ್ಲಿ ಡೇವಿಡ್ ಲೆವಿಂಥಾಲ್ ಅಂತ ಒಬ್ಬರು 1970ರ ದಶಕದಲ್ಲೇ ಆಟಿಕೆ ಸೈನಿಕರನ್ನು ಇಟ್ಟು ಯುದ್ಧದ ಫೋಟೋ ತೆಗೆದು ಹೆಸರು ಮಾಡಿದರು. ನಾನು ಓಡಿಸಿದ ಮಸುಕನ್ನೇ ಅವರು ಬೇಕೆಂದು ತಂದುಕೊಂಡರು, ಅದರಿಂದಲೇ ಚಿತ್ರಗಳು ನಿಜವೇನೋ ಅನ್ನಿಸುತ್ತವೆ. ಆದರೆ ಆಟಿಕೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವೇ ಉಂಟಲ್ಲ. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲ ತೆಂಕುತಿಟ್ಟಿನ ವೇಷದ ಹಾಗೆಯೇ. ಚೆಂಡೆ ಏರಿದರೆ ಬೊಂಬೆ ಅನ್ನುವುದೇ ಮರೆತು ಹೋಗುತ್ತದೆ. ಆದರೂ ಮೇಲೆ ದಾರ ಕಾಣುತ್ತದೆ. ದಾರ ಕಂಡರೆ ಯಾರಿಗೂ ರಸಭಂಗ ಆಗುವುದಿಲ್ಲ. ನಾನು ನನ್ನ ದಾರ ಒಂದೊಂದಾಗಿ ಅಳಿಸಿ ಹಾಕಿದೆ.

ಈ ಪತ್ರ ಬರೆಯಲು ಕೂತದ್ದು ನಿಮ್ಮ ಓದುಗರ ಪತ್ರ ನೋಡಿ ಮಾತ್ರ ಅಲ್ಲ. ಮೊನ್ನೆ ಇನ್ನೊಂದು ಫೋನು ಬಂತು. ಆ ಅಜ್ಜನ ಮೊಮ್ಮಗಳು. ಅಜ್ಜ ಹೋಗಿ ತುಂಬಾ ವರ್ಷ ಆಯಿತು. ನಾನು ದೊಡ್ಡದು ಮಾಡಿ ಕೊಟ್ಟ ಫೋಟೋವನ್ನೂ ಗೆದ್ದಲು ತಿಂದಿತಂತೆ. ಜೋಜಿಲಾ ಅಂತ ಫ್ಲೆಕ್ಸಿನಲ್ಲಿ ಓದಿ, ವಿಚಾರಿಸುತ್ತಾ ವಿಚಾರಿಸುತ್ತಾ ನನ್ನವರೆಗೆ ಬಂದಿದ್ದಾಳೆ. "ಅದು ನೀವು ಅಜ್ಜನಿಗೆ ಮಾಡಿಕೊಟ್ಟ ಫೋಟೋವಾ? ಅದರಲ್ಲಿ ನಮ್ಮ ಅಜ್ಜ ಯಾರು?" ಅಂತ ಕೇಳಿದಳು.

ಏನು ಹೇಳಲಿ? "ಅಲ್ಲ ಮಗಾ, ಅದರಲ್ಲಿ ಅಜ್ಜ ಇಲ್ಲ. ಅವು ನಾನು ಎಂ-ಸೀಲ್ ಹಚ್ಚಿ ಮಾಡಿದ ಗೊಂಬೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, "ಆದ್ರೂ ಒಂದು ಕಾಪಿ ಕೊಡ್ತೀರಾ?" ಅಂತ ಕೇಳಿದಳು. ಕೊಡುತ್ತೇನೆ ಅಂದಿದ್ದೇನೆ. ಬಣ್ಣದ್ದು, ಗೀರಿಲ್ಲದ್ದು, ಕೆಳಗೆ ಏನು ಎತ್ತ ಅಂತ ಬರೆದದ್ದು. ಅಜ್ಜ ರಸ್ತೆ ಕಡಿದ ವಿಷಯವೂ ಅದರಲ್ಲಿ ಇರುತ್ತದೆ.

ಫ್ಲೆಕ್ಸ್ ಕಟ್ಟಿದವರಲ್ಲಿ ನನ್ನದೊಂದು ಕೋರಿಕೆ. ಅದನ್ನು ಹರಿದು ಹಾಕುವುದು ಬೇಡ. "ಇದು ಮಾದರಿ ಟ್ಯಾಂಕಿನ ಫೋಟೋ" ಅಂತ ಒಂದು ಸಾಲು ಕೆಳಗೆ ಅಂಟಿಸಿದರೆ ಆಯಿತು, ಸ್ಟಿಕ್ಕರಿನ ಖರ್ಚು ನಾನೇ ಕೊಡುತ್ತೇನೆ. ಶಾಲೆಯ ಮಕ್ಕಳು ಬಂದರೆ ಜಗಲಿಯಲ್ಲಿ ಟ್ಯಾಂಕ್ ಈಗಲೂ ಉಂಟು, ತೋರಿಸುತ್ತೇನೆ. ಈ ವರ್ಷದ ಆಟಿಯಲ್ಲಿ ಮತ್ತೆ ತೆಗೆದೆ. ಅಕ್ಕಿಹಿಟ್ಟಿನ ಬದಲು ಚಾಕ್ ಹುಡಿ, ಇರುವೆಯ ಕಾಟ ಇಲ್ಲ. ಟ್ಯಾಂಕನ್ನು ಹಸಿ ಇರುವಾಗಲೇ ಒತ್ತಿ ಹೂತಿದ್ದೇನೆ. ಮುಳ್ಳೇರಿಯದವರು ನೋಡಿ, "ಈಗ ನಿಂತಿತು" ಅಂದರು. ಬಲಮೂಲೆಯಲ್ಲಿ ಒಂದು ಒಣಗಿದ ಚಾಲಿ ಅಡಿಕೆ ಇಟ್ಟಿದ್ದೇನೆ. ನಮ್ಮೂರಿನವರಿಗೆ ಅಡಿಕೆಯ ಅಳತೆ ಹೇಳಿಕೊಡಬೇಕಾಗಿಲ್ಲವಲ್ಲ.

ಹಳೇ ಫೋಟೋದ ಒಂದು ಪ್ರತಿಯನ್ನು ಈ ಪತ್ರದ ಜೊತೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಚ್ಚು ಹಾಕುವುದಿದ್ದರೆ, ಜಾಗ ಸಾಲದು ಅಂತ ಎಡಗಡೆ ಮಾತ್ರ ಕತ್ತರಿಸಬೇಡಿ. ಇರುವೆ ಇರುವುದು ಅಲ್ಲೇ.

ಇಂತಿ,
ಒಬ್ಬ ಹಳೇ ಸ್ಟುಡಿಯೋದವ
ನೀರ್ಚಾಲು, ಕಾಸರಗೋಡು ಜಿಲ್ಲೆ